ಉಲ್ಕೆ ಫೋಟೋಗೆ ಹಳೇ ಲೆನ್ಸ್ ಕೊಳ್ಳುವವರೇ, ಮೊದಲು ಆ ಫಿಲ್ಟರ್ ಬಿಚ್ಚಿಸಿ

ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳೋದೇ ತಪ್ಪು ಅಂತ ಹೇಳ್ತಿಲ್ಲ. ನಾನು ಮೋಸ ಹೋದ ಹಾಗೆ ನೀವು ಹೋಗಬೇಡಿ, ಅಷ್ಟೇ.

24 ಎಂಎಂ, ಎಫ್/1.4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು). ಮಾರುವ ಆಸಾಮಿ ಟಾರ್ಚ್ ಬಿಟ್ಟು ತೋರಿಸಿದ. ಫಂಗಸ್ ಇಲ್ಲ, ಗೀರಿಲ್ಲ, ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇಲ್ಲ. ಅದೆಲ್ಲ ನಿಜವೇ. ಅದರಲ್ಲೇ ತೆಗೆದ ಫೋಟೋಗಳನ್ನೂ ಕಳಿಸಿದ, ನಾಲ್ಕೂ ಮೂಲೆ ಚೊಕ್ಕ. ಲೆನ್ಸಿನ ಮುಂದೆ ಹೊಸ ಯುವಿ ಫಿಲ್ಟರ್ (ತಿರುಗಿಸಿ ಕೂರಿಸುವ ರಕ್ಷಣೆಯ ಗಾಜು) ಹಾಕಿತ್ತು. "ಅದೂ ಇಟ್ಕೊಳ್ಳಿ ಸರ್, ಫ್ರೀ" ಅಂದ. ಬಿಚ್ಚಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವೃಷ್ಟಿಯ ರಾತ್ರಿ. ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ ಮಧ್ಯದ ನಕ್ಷತ್ರಕ್ಕೆ ಫೋಕಸ್, ಐಎಸ್‌ಒ 3200, 10 ಸೆಕೆಂಡಿನ ಫ್ರೇಮುಗಳು ಒಂದರ ಹಿಂದೊಂದು. ಬೆಳಗ್ಗೆ ದೊಡ್ಡ ಸ್ಕ್ರೀನಲ್ಲಿ ನೋಡಿದರೆ ಬಲಗಡೆ ಮೇಲಿನ ಮೂಲೆ ಕಲಸಿಹೋಗಿದೆ. ಪುನರ್ವಸುವಿನ ಎರಡು ನಕ್ಷತ್ರಗಳು ಆ ಮೂಲೆಗೆ ಬಂದಾಗ ಬೆರಳಲ್ಲಿ ಒರೆಸಿದ ಕಾಡಿಗೆಯ ಹಾಗೆ ಎಳೆದುಕೊಂಡಿವೆ. ಅಲ್ಲಿ ಬಿದ್ದ ಉಲ್ಕೆಗಳು ಬರೀ ಮಸುಕು ಪಟ್ಟಿ. ಎಡಗಡೆ ಕೆಳಗಿನ ಮೂಲೆಯಲ್ಲಿ ನಕ್ಷತ್ರ ಸೂಜಿಮೊನೆ. ಲೆನ್ಸನ್ನು ಇನ್ನೊಂದು ಕ್ಯಾಮೆರಾಗೆ ಹಾಕಿದೆ, ಅದೇ ಮೂಲೆ. ಆಗ ಫಿಲ್ಟರ್ ಬಿಚ್ಚಲು ಹೋದೆ. ಅಲ್ಲಾಡಲಿಲ್ಲ, ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಬೇಕಾಯಿತು. ಕೆಳಗೆ ಫಿಲ್ಟರ್ ಕೂರುವ ಲೆನ್ಸಿನ ಥ್ರೆಡ್ ಒಂದು ಕಡೆ ಅಕ್ಕಿಕಾಳಿನಷ್ಟು ನೆಗ್ಗಿತ್ತು. ಬಿದ್ದ ಲೆನ್ಸ್. ಒಳಗಿನ ಗಾಜು ಓರೆಯಾಗಿದೆ. ಕಳಿಸಿದ್ದ ಫೋಟೋಗಳ ಫೈಲ್ ಮಾಹಿತಿ ತೆಗೆದು ನೋಡಿದೆ: ಎಲ್ಲವೂ ಹಗಲಿನವು, ಎಲ್ಲವೂ ಎಫ್/8. ಕಿಂಡಿ ಅಷ್ಟು ಕಿರಿದು ಮಾಡಿದರೆ ಈ ದೋಷ ಬಹುಪಾಲು ಮುಚ್ಚಿಹೋಗುತ್ತೆ.

ಫೋನ್ ಮಾಡಿದೆ. "ವೈಡ್ ಲೆನ್ಸ್ ಎಲ್ಲಾ ಮೂಲೇಲಿ ಹಾಗೇ ಸರ್." ಸುಳ್ಳು. ಲೆನ್ಸಿನ ಸಹಜ ಕೋಮಾ (ಅಂಚಿನಲ್ಲಿ ಬೆಳಕಿನ ಚುಕ್ಕೆ ಎಳೆದುಕೊಳ್ಳುವ ದೋಷ) ಆದರೆ ನಾಲ್ಕೂ ಮೂಲೆಯಲ್ಲಿ ಒಂದೇ ತರ ಇರಬೇಕು, ನಕ್ಷತ್ರಕ್ಕೆ ರೆಕ್ಕೆ ಮೂಡಿದ ಹಾಗೆ. ಒಂದೇ ಮೂಲೆ ಕೆಟ್ಟರೆ ಅದು ಓರೆ ಗಾಜು. "ಫೋಕಸ್ ನಿಮ್ದೇ ತಪ್ಪಿರ್ಬೇಕು." ಮಧ್ಯದ ನಕ್ಷತ್ರ ಚುಕ್ಕೆಯಾಗಿ ನಿಂತಿದೆ ಮಾರಾಯ! "2.8ಗೆ ಇಳ್ಸಿ ಸರ್, ಸರಿಹೋಗತ್ತೆ."

ಇದಕ್ಕೆ ನನಗೆ ಎಲ್ಲಕ್ಕಿಂತ ಸಿಟ್ಟು ಬಂತು. ಎಫ್/1.4ರಲ್ಲಿ ಬೆಳಕಿನ ಕಿಂಡಿ 17 ಎಂಎಂ, 2.8ರಲ್ಲಿ ಎಂಟೂವರೆ. ಬರುವ ಬೆಳಕು ಕಾಲು ಭಾಗ. ಎಕ್ಸ್‌ಪೋಷರ್ ಸಮಯ ಹೆಚ್ಚಿಸಿ ಅದನ್ನು ತುಂಬೋಕೆ ಆಗಲ್ಲ, ಯಾಕೆಂದರೆ ಉಲ್ಕೆ ಒಂದೊಂದು ಪಿಕ್ಸೆಲ್ ಮೇಲೂ ಕ್ಷಣಮಾತ್ರ ಹಾದುಹೋಗುತ್ತೆ. 10 ಸೆಕೆಂಡನ್ನು 40 ಮಾಡಿದರೆ ಆಕಾಶ ಬೆಳ್ಳಗಾಗುತ್ತೆ, ನಕ್ಷತ್ರ ಗೆರೆಯಾಗುತ್ತೆ, ಉಲ್ಕೆ ಮಾತ್ರ ಅಷ್ಟೇ ಮಂಕು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ 18 ಎಂಎಂ ಎಫ್/3.5ರಲ್ಲಿ ಕಿಂಡಿ ಬರೀ 5 ಎಂಎಂ ಅಂತ ತಾನೇ ಈ ಲೆನ್ಸಿಗೆ ದುಡ್ಡು ಸುರಿದದ್ದು? ಕೊನೆಗೆ ಅವನ ಮಾತು: "ನೀವೇ ನೋಡಿ ಓಕೆ ಅಂದಿದ್ರಲ್ಲ ಸರ್." ಆಮೇಲೆ ಫೋನ್ ಎತ್ತಲೇ ಇಲ್ಲ.

ನೋಡಬೇಕಾದದ್ದು ಹೀಗೆ. ನಿಮ್ಮದೇ ಕ್ಯಾಮೆರಾ, ಟ್ರೈಪಾಡ್ ಒಯ್ಯಿರಿ, ಕತ್ತಲಾದ ಮೇಲೆ ಹೋಗಿ. ಅಪರ್ಚರ್ ಪೂರ್ತಿ ತೆರೆದು, ಆಟೋಫೋಕಸ್ ಆಫ್ ಮಾಡಿ, ಒಂದು ನಕ್ಷತ್ರವನ್ನು ಮಧ್ಯದಲ್ಲಿಟ್ಟು ಫೋಕಸ್ ಮಾಡಿ. ಆಮೇಲೆ ಫೋಕಸ್ ರಿಂಗ್ ಮುಟ್ಟಬೇಡಿ. ಅದೇ ನಕ್ಷತ್ರವನ್ನು ನಾಲ್ಕೂ ಮೂಲೆಗೆ ತಂದು ಒಂದೊಂದು ಫೋಟೋ, ತಲಾ 4 ಸೆಕೆಂಡ್ ಸಾಕು. ಮೋಡವಿದ್ದರೆ ತುಂಬಾ ದೂರದ ಚಿಕ್ಕ ದೀಪ ಸಾಕು. ನಾಲ್ಕನ್ನೂ ಹಿಗ್ಗಿಸಿ ಹೋಲಿಸಿ. ಹಗಲು ಫೋಟೋ ತೋರಿಸಿದರೆ ಅಪರ್ಚರ್ ಎಷ್ಟಿತ್ತು ಅಂತ ಮೊದಲು ಕೇಳಿ. ಫಿಲ್ಟರ್ ಇದ್ದರೆ ಅವರ ಕೈಯಲ್ಲೇ ಬಿಚ್ಚಿಸಿ. "ಬಿಗಿಯಾಗಿದೆ ಸರ್, ಆಮೇಲೆ ತೆಗೀರಿ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.