ಎಐ ತಿದ್ದಿಕೊಟ್ಟ ಸಿವಿ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಸಿವಿಯನ್ನು ಎಐಗೆ ತೋರಿಸಿ ಸಲಹೆ ಕೇಳುವುದು ಈಗ ಎಲ್ಲರೂ ಮಾಡುವ ಕೆಲಸ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಭಾಷೆ ತಿದ್ದುತ್ತೇನೆ ಅಂತ ಹೇಳಿ ಅದು ನೀವು ಮಾಡಿದ ಕೆಲಸವನ್ನೇ ತಿದ್ದಿಬಿಡುತ್ತದೆ. ಆಮೇಲೆ ಇಂಟರ್‌ವ್ಯೂನಲ್ಲಿ ಉತ್ತರ ಕೊಡಬೇಕಾದವರು ನೀವು, ಅದಲ್ಲ.

ನಾನು ಬಳಸಿದ್ದು ಸಿವಿ ತಪಾಸಣೆಗೆಂದೇ ಇರುವ ಒಂದು ಸೈಟ್. ತಪಾಸಣೆ ಉಚಿತ. ಫೈಲ್ ಹಾಕಿದ ತಕ್ಷಣ ಕೆಂಪು ವೃತ್ತದೊಳಗೆ 46 ಅಂತ ಬಂತು. ಇಷ್ಟು ಕಡಿಮೆ ಸ್ಕೋರ್ ಇದ್ದರೆ ಕಂಪನಿಯಲ್ಲಿ ಸಿವಿ ಸೋಸುವ ಸಾಫ್ಟ್‌ವೇರೇ ನಿಮ್ಮನ್ನು ಹೊರಗಿಡುತ್ತದೆ ಅಂತ ಕೆಳಗೆ ಹೆದರಿಕೆ ಬೇರೆ. ತಪ್ಪು ಎಲ್ಲಿದೆ ಅಂತ ನೋಡಲು ಹೋದರೆ ಆ ಭಾಗವೆಲ್ಲ ಮಸುಕು. ದುಡ್ಡು ಕಟ್ಟಿದರೆ ಮಾತ್ರ ಕಾಣುತ್ತದೆ. ಕಟ್ಟಿದೆ. ಒಂದು ಬಟನ್ ಒತ್ತಿದೆ. ಇಡೀ ಸಿವಿ ಹೊಸದಾಗಿ ಬಂತು, ವೃತ್ತ ಹಸಿರಾಗಿ 92 ಆಯಿತು.

ಅದು ಬದಲಾಯಿಸಿದ ಒಂದು ಸಾಲು ನೋಡಿ. ನಾನು ಬರೆದಿದ್ದು: 'ಗ್ರಾಹಕರ ದೂರುಗಳನ್ನು ದಾಖಲಿಸಿ, ಸಂಬಂಧಪಟ್ಟ ವಿಭಾಗಕ್ಕೆ ಕಳಿಸುವ ಕೆಲಸದಲ್ಲಿ ತಂಡಕ್ಕೆ ನೆರವಾಗಿದ್ದೇನೆ.' ಅದು ಮಾಡಿಕೊಟ್ಟಿದ್ದು: 'ದೂರು ನಿರ್ವಹಣೆಯ ಹೊಸ ವ್ಯವಸ್ಥೆಯನ್ನು ಮುನ್ನಡೆಸಿ, ಪರಿಹಾರದ ಅವಧಿಯನ್ನು ಶೇ 35ರಷ್ಟು ಇಳಿಸಿದ್ದೇನೆ.' ಹೊಸ ವ್ಯವಸ್ಥೆ ಯಾವುದೂ ಇರಲಿಲ್ಲ. ಮುನ್ನಡೆಸಿದ್ದು ನಾನಲ್ಲ. ಶೇ 35 ಎಲ್ಲಿಂದ ಬಂತೋ ದೇವರೇ ಬಲ್ಲ. ಎಲ್ಲಿ ಏನು ಬದಲಾಯಿತು ಅಂತ ಆ ಸೈಟ್ ಗುರುತು ಹಾಕಿ ತೋರಿಸುವುದೂ ಇಲ್ಲ. ಹಳೆಯದು ಮಾಯ, ಹೊಸದು ಹಾಜರ್.

ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ಬೆರಳಿಟ್ಟಿದ್ದು ಸರಿಯಾಗಿ ಅದೇ ಸಾಲಿನ ಮೇಲೆ. "ಪರ್ವಾಗಿಲ್ವೇ, 35 ಪರ್ಸೆಂಟ್! ಮೊದಲು ಒಂದು ದೂರು ಬಗೆಹರಿಯೋಕೆ ಎಷ್ಟು ದಿನ ಹಿಡೀತಿತ್ತು? ನೀವು ಅದನ್ನ ಹೇಗೆ ಅಳೆದ್ರಿ?" ಆ ಸಂಖ್ಯೆ ನನ್ನದಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸುಮ್ನೆ ತಲೆಯಾಡಿಸಿ ಉಳಿದ ಸಾಲುಗಳನ್ನೂ ಒಂದೊಂದಾಗಿ ಕೇಳಲು ಶುರು ಮಾಡಿದರು. ನಿಜವಾಗಿ ನಾನು ಮಾಡಿದ್ದ ಕೆಲಸಕ್ಕೂ ಅನುಮಾನದ ಬಣ್ಣ ಬಂತು. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಎಐ ಹೀಗೇಕೆ ಮಾಡುತ್ತದೆ? 2022ರ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿಯೂ ಸೇರಿ ಈ ಚಾಟ್‌ಬಾಟ್‌ಗಳೆಲ್ಲ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅನ್ನುವ ಅಂದಾಜಿನ ಮೇಲೆ ಬರೆಯುತ್ತವೆ. 'ಸಿವಿಯಲ್ಲಿ ಅಂಕಿ ಅಂಶ ಹಾಕಿ' ಅನ್ನುವ ಬುದ್ಧಿಮಾತು ಇಂಟರ್‌ನೆಟ್ ತುಂಬಾ ಇದೆ. ಹಾಗಾಗಿ ಸಂಖ್ಯೆ ಇರಬೇಕಾದ ಜಾಗ ಕಂಡರೆ ಒಂದು ಸಂಖ್ಯೆ ತುಂಬುತ್ತವೆ. ನಿಮ್ಮ ಆಫೀಸಿನಲ್ಲಿ ಏನು ನಡೆಯಿತು ಅಂತ ಅವಕ್ಕೆ ಗೊತ್ತಿರುವುದಿಲ್ಲ. ಕೆಲವು ಮಾತ್ರ ಸಂಖ್ಯೆಯ ಜಾಗದಲ್ಲಿ ಕಂಸ ಹಾಕಿ ಖಾಲಿ ಬಿಡುತ್ತವೆ. ನನ್ನ ಲೆಕ್ಕದಲ್ಲಿ ಅವೇ ಮರ್ಯಾದಸ್ಥ. ಆ ಖಾಲಿ ಕಂಸ ಹಾಗೇ ಎಚ್‌ಆರ್ ಕೈಗೆ ಹೋಗದಂತೆ ನೋಡಿಕೊಳ್ಳಿ, ಅಷ್ಟೇ.

ಉದ್ಯೋಗದ ಜಾಹೀರಾತನ್ನೂ ಜೊತೆಗೆ ಕೊಟ್ಟರೆ ಅಪಾಯ ಇನ್ನೂ ಜಾಸ್ತಿ. ನಾನು ಕೊಟ್ಟ ಜಾಹೀರಾತಿನಲ್ಲಿ ಪವರ್ ಬಿಐ (ಅಂಕಿ ಅಂಶಗಳನ್ನು ಚಾರ್ಟ್ ಮಾಡಿ ತೋರಿಸುವ ಸಾಫ್ಟ್‌ವೇರ್) ಬೇಕು ಅಂತಿತ್ತು. ನನ್ನ ಕೌಶಲಗಳ ಪಟ್ಟಿಯಲ್ಲೂ ಪವರ್ ಬಿಐ ಬಂದು ಕೂತಿತ್ತು. ನಾನು ಅದನ್ನು ತೆರೆದೂ ನೋಡಿದವನಲ್ಲ. ಹುದ್ದೆಯ ಹೆಸರನ್ನೂ ಹೀಗೆಯೇ ಏರಿಸುತ್ತದೆ. ಹಳೆಯ ಕಂಪನಿಯನ್ನು ವಿಚಾರಿಸುವವರು ಮೊದಲು ತಾಳೆ ನೋಡುವುದೇ ಹುದ್ದೆ ಮತ್ತು ತಾರೀಕುಗಳನ್ನು.

ಇನ್ನು ಆ ಸ್ಕೋರ್. ಸೈಟ್ ಕೊಟ್ಟ 92ರ ಸಿವಿಯನ್ನು ಇನ್ನೊಂದು ಸೈಟಿಗೆ ಹಾಕಿದೆ, ಅಲ್ಲಿ ಮತ್ತೆ ಕೆಂಪು. ತಾನೇ ಉತ್ತರ ಬರೆದು ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ ಇದು. ಯಾವ ಕಂಪನಿ ಯಾವ ಸಾಫ್ಟ್‌ವೇರ್ ಬಳಸುತ್ತದೆ, ಅದರಲ್ಲಿ ಏನು ಹುಡುಕುತ್ತದೆ ಅನ್ನುವುದು ಹೊರಗಿನ ಸೈಟಿಗೆ ಕಾಣುವುದಿಲ್ಲ. ಸಾಫ್ಟ್‌ವೇರ್‌ಗೆ ನಿಮ್ಮ ಫೈಲ್ ಓದಲು ಬರುತ್ತದಾ ಅನ್ನುವುದು ಮಾತ್ರ ನಿಜವಾದ ಪ್ರಶ್ನೆ. ಅದಕ್ಕೆ ದುಡ್ಡು ಬೇಡ. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಸಾಲುಗಳು ಹಿಂದುಮುಂದಾದರೆ ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್ ತೆಗೆದುಬಿಡಿ. ಏನೂ ಕಾಪಿ ಆಗದಿದ್ದರೆ ಅದು ಬರೀ ಚಿತ್ರ, ವರ್ಡ್‌ನಿಂದ ಹೊಸದಾಗಿ ಪಿಡಿಎಫ್ ಮಾಡಿ.

ಹಾಗಂತ ನಾನು ಎಐ ಬಿಟ್ಟಿಲ್ಲ. ಕೇಳುವ ರೀತಿ ಬೇರೆಯಾಗಿದೆ. 'ಒಂದಕ್ಷರವೂ ಬದಲಾಯಿಸಬೇಡ. ಈ ಸಿವಿ ಓದಿದ ಮ್ಯಾನೇಜರ್‌ಗೆ ಯಾವ ಅನುಮಾನ ಬರುತ್ತದೆ, ಪ್ರಶ್ನೆ ಮಾತ್ರ ಕೇಳು' ಅಂತ ಹೇಳುತ್ತೇನೆ. ಮೊದಲ ಪ್ರಶ್ನೆಯೇ 'ದಿನಕ್ಕೆ ಎಷ್ಟು ದೂರುಗಳನ್ನು ನೋಡುತ್ತಿದ್ದಿರಿ?' ಅಂತ ಬಂತು. ಅದಕ್ಕೆ ನನ್ನ ಬಳಿ ಉತ್ತರ ಇತ್ತು, ಸುಮಾರು 40. ಈಗ ಸಿವಿಯಲ್ಲಿ ಇರುವುದು ಆ ಸಂಖ್ಯೆ. ಯಾರು ಕೇಳಿದರೂ ವಿವರ ಕೊಡಬಲ್ಲೆ. ಕಾಗುಣಿತ, ಉದ್ದ ಕಡಿಮೆ ಮಾಡುವುದು, ಇಂಥದ್ದಕ್ಕೂ ಎಐ ಚೆನ್ನಾಗಿದೆ. ಆದರೆ ಒಂದೊಂದೇ ಸಾಲು ಕೊಡಿ, ಇಡೀ ಸಿವಿ ಕೊಟ್ಟು ಕೂರಬೇಡಿ. ಇನ್ನೇನು ತಪ್ಪಿದೆ ಅಂತ ಕೇಳುತ್ತಲೇ ಹೋದರೆ ಅದು ಹುಡುಕುತ್ತಲೇ ಹೋಗುತ್ತದೆ, ಸಾಕು ಅನ್ನುವುದು ಅಪರೂಪ.

ಅಪ್ಲೋಡ್ ಮಾಡುವ ಮುಂಚೆ ಫೋನ್ ನಂಬರ್, ವಿಳಾಸ, ಹುಟ್ಟಿದ ದಿನಾಂಕ ತೆಗೆದುಹಾಕಿ. ರೆಫರೆನ್ಸ್ ಕೊಟ್ಟವರ ನಂಬರ್ ಅಂತೂ ಕೊಡಲೇಬೇಡಿ, ಅದು ಅವರದು. ನಿಮ್ಮ ಮಾತುಕತೆಯನ್ನು ಎಐನ ತರಬೇತಿಗೆ ಬಳಸುವ ಆಯ್ಕೆ ಕೆಲವು ಚಾಟ್‌ಬಾಟ್‌ಗಳಲ್ಲಿ ಮೊದಲೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ.

ದುಡ್ಡು ಕಟ್ಟಿಬಿಟ್ಟಿದ್ದೀರಾ? ಹಾಗಾದರೆ ಇವತ್ತೇ ನೋಡಿ. ನಾನು ಬಳಸಿದ ಸೈಟಿನಲ್ಲಿ ಟ್ರಯಲ್ ಅನ್ನುವುದು ದಪ್ಪ ಅಕ್ಷರದಲ್ಲಿತ್ತು, ಅದು ಮುಗಿದ ಮೇಲೆ ಪ್ರತಿ ತಿಂಗಳು ಕಡಿತವಾಗುತ್ತದೆ ಅನ್ನುವುದು ಪುಟದ ಕೊನೆಯಲ್ಲಿ ಸಣ್ಣದಾಗಿತ್ತು. ಅಕೌಂಟ್ ಅಳಿಸಿದರೂ ಕಡಿತ ನಿಲ್ಲಲಿಲ್ಲ. ಮೊದಲು ಸಬ್‌ಸ್ಕ್ರಿಪ್ಷನ್ ರದ್ದು ಮಾಡಿ, ರದ್ದಾಗಿದೆ ಅನ್ನುವ ಮೇಲ್ ಬರುವವರೆಗೆ ಕಾಯಿರಿ. ಅಕೌಂಟ್ ಅಳಿಸುವುದು ಅದಾದ ಮೇಲೆ.