ಟಿಪ್ಸ್ ಗುಂಡಿ ಇದೆ, ಆದರೂ ನಾನು ಕೈಯಲ್ಲೇ ಕೊಡುತ್ತೇನೆ

ಊಟ ತರಿಸುವ ಆ್ಯಪ್‌ಗಳ ರುಚಿ, ಕೂಪನ್, ರಿಯಾಯಿತಿ ಬಗ್ಗೆ ನೀವು ಬೇಕಾದಷ್ಟು ಓದಿರುತ್ತೀರಿ. ನಾನು ಬರೆಯುವುದು ಬಿಲ್ಲಿನ ಹತ್ತಿರ ಕಾಣುವ ಆ ಟಿಪ್ಸ್ ಗುಂಡಿ ಬಗ್ಗೆ ಮಾತ್ರ. ಕೆಲವು ವರ್ಷಗಳಿಂದ ತುಮಕೂರಿನಲ್ಲಿ ಇದನ್ನು ಬಳಸಿದ್ದೇನೆ. ಮೊದಲು ತುಂಬಾ ಮೆಚ್ಚಿಕೊಂಡಿದ್ದೆ.

ನನ್ನ ಕೆಲಸ ಬೆಂಗಳೂರಿನಲ್ಲಿ, ಮನೆ ಅಶೋಕನಗರದಲ್ಲಿ. ದಿನಾ ರೈಲು. ವಾರದಲ್ಲಿ ಎರಡು ಮೂರು ಸಂಜೆ ಒಲೆ ಹಚ್ಚುವ ತ್ರಾಣ ಇರಲ್ಲ. ದಾಬಸ್‌ಪೇಟೆ ದಾಟಿ ಹಿರೇಹಳ್ಳಿ ಬಂತು ಅಂದರೆ ಫೋನ್ ತೆಗೆಯುತ್ತೇನೆ. ಅಲ್ಲಿ ಆರ್ಡರ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ನಾನು ಮನೆ ಸೇರಿ, ಮುಖ ತೊಳೆದು, ಅಮ್ಮನಿಗೂ ನನಗೂ ತಟ್ಟೆ ಇಡುವ ಹೊತ್ತಿಗೆ ಕೆಳಗೆ ಬೈಕ್ ನಿಲ್ಲುತ್ತದೆ. ಅದಕ್ಕಿಂತ ಬೇಗ ಮಾಡಿದರೆ ಪಾಪ ಹುಡುಗ ಬಾಗಿಲಲ್ಲಿ ಕಾಯಬೇಕು. ಕ್ಯಾತ್ಸಂದ್ರ ದಾಟಿದ ಮೇಲೆ ಮಾಡಿದರೆ ಅಮ್ಮ ಹಸಿದು ಕೂರಬೇಕು. ಹೆಚ್ಚಾಗಿ ತರಿಸುವುದು ಮುದ್ದೆ, ಬಸ್ಸಾರು. ಮುದ್ದೆ ಬಿಸಿಯಾಗಿರಬೇಕು, ಬಸ್ಸಾರು ಚೆಲ್ಲಿರಬಾರದು. ನಮ್ಮೂರಿನ ಹಂಪು, ಗುಂಡಿಗಳನ್ನೆಲ್ಲ ದಾಟಿ ಸಾರಿನ ಡಬ್ಬಿ ಒಂದು ತೊಟ್ಟೂ ಸೋರದೆ ಮೂರನೇ ಮಹಡಿಗೆ ಬಂದರೆ ಅದು ಆ ಹುಡುಗನ ಜಾಗ್ರತೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಬೇರೆ ಇಲ್ಲ.

ಹಾಗಾಗಿ ಆರ್ಡರ್ ಮಾಡುವಾಗಲೇ ಇಪ್ಪತ್ತು ರೂಪಾಯಿ ಟಿಪ್ಸ್ ಒತ್ತಿಬಿಡುತ್ತಿದ್ದೆ. ಚಿಲ್ಲರೆ ಹುಡುಕುವ ಕಷ್ಟ ಇಲ್ಲ. ಕೈ ಚಾಚುವ ಮುಜುಗರ ಅವನಿಗಿಲ್ಲ, ಕೊಡುವ ಮುಜುಗರ ನನಗಿಲ್ಲ. ತುಂಬಾ ಚೆನ್ನಾಗಿದೆ ಅಂತ ರೈಲಿನ ಗೆಳತಿಯರಿಗೂ ಹೇಳಿದ್ದೆ.

ಅದು ಕೆಟ್ಟಿದ್ದು ಒಂದು ಮಳೆಯ ರಾತ್ರಿ. ಆರ್ಡರ್ ತಗೊಂಡು ಹೊರಟ ಹುಡುಗನ ಬೈಕ್ ದಾರಿಯಲ್ಲಿ ಪಂಕ್ಚರ್ ಆಯಿತು. ಫೋನ್ ಮಾಡಿ, "ಅಕ್ಕಾ, ಬೇರೆಯವರು ತರ್ತಾರೆ, ಬೇಜಾರ್ ಮಾಡ್ಕೋಬೇಡಿ" ಅಂದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ತಂದುಕೊಟ್ಟ. ಇಬ್ಬರೂ ನೆನೆದಿದ್ದಾರೆ, ಇಬ್ಬರೂ ಓಡಾಡಿದ್ದಾರೆ. ನಾನು ಕೊಟ್ಟ ಟಿಪ್ಸ್ ಯಾರಿಗೆ ಹೋಯಿತು? ಆ್ಯಪ್‌ನಲ್ಲಿ ಎಲ್ಲೂ ಕಾಣಲಿಲ್ಲ. ಸಹಾಯವಾಣಿಯ ಚಾಟ್‌ನಲ್ಲಿ ಕೇಳಿದೆ. "ನಿಮ್ಮ ಕಾಳಜಿ ನಮಗೆ ಮುಖ್ಯ" ಅನ್ನೋ ಒಂದೇ ಉತ್ತರ ತಿರುಗಿ ತಿರುಗಿ ಬಂತು. ಸಿಟ್ಟು ಬಂದಿದ್ದು ಇಪ್ಪತ್ತು ರೂಪಾಯಿಗಲ್ಲ. ಒಬ್ಬ ಮನುಷ್ಯನಿಗೆ ಅಂತ ಕೊಟ್ಟ ದುಡ್ಡು ಅವನ ಕೈ ಸೇರಿತೋ ಇಲ್ಲವೋ ಅಂತ ತಿಳಿಯುವ ದಾರಿಯೇ ಇಲ್ಲವಲ್ಲ, ಅದಕ್ಕೆ.

ಗುಂಡಿ ಇಟ್ಟಿರುವ ಜಾಗವೇ ಸರಿಯಿಲ್ಲ ಅನಿಸುತ್ತದೆ. ಪ್ಯಾಕಿಂಗ್, ಜಿಎಸ್‌ಟಿ, ಡೆಲಿವರಿ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕ ಇವುಗಳ ಪಕ್ಕದಲ್ಲೇ ಟಿಪ್ಸ್ ಕೂಡ ಬರುತ್ತದೆ. 2023ರಲ್ಲಿ 2 ರೂಪಾಯಿಯಿಂದ ಶುರುವಾದ ಪ್ಲಾಟ್‌ಫಾರ್ಮ್ ಶುಲ್ಕ ಈಗ ಹತ್ತು ದಾಟಿದೆ. ಅದು ಕಂಪನಿಯ ದುಡ್ಡು, ಬೈಕ್ ಓಡಿಸುವವನದಲ್ಲ. ಆದರೆ ಬಿಲ್ ನೋಡಿದವರು ಇಷ್ಟೆಲ್ಲ ಕೊಟ್ಟಾಯ್ತಲ್ಲ, ಮತ್ತೆ ಟಿಪ್ಸ್ ಯಾಕೆ ಅಂತ ಮುಂದೆ ಹೋಗುತ್ತಾರೆ. ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ 2026ರ ಜನವರಿಯಲ್ಲಿ ಕೊಟ್ಟ ಲೆಕ್ಕ ನೋಡಿ. ಟಿಪ್ಸ್ ಪೂರ್ತಿಯಾಗಿ ಡೆಲಿವರಿಯವರಿಗೇ ಹೋಗುತ್ತದೆ ಅಂತ ಅವರು ಹೇಳಿದ್ದಾರೆ. ಆದರೆ ಟಿಪ್ಸ್ ಬರುವುದು ನೂರು ಆರ್ಡರ್‌ಗಳಲ್ಲಿ ಸುಮಾರು ಐದಕ್ಕೆ ಮಾತ್ರ. 2025ರಲ್ಲಿ ಅದು ಗಂಟೆಗೆ ಸರಾಸರಿ 2.6 ರೂಪಾಯಿ ಆಗಿತ್ತಂತೆ. ಅದರಲ್ಲಿ ಒಂದು ಟೀನೂ ಬರಲ್ಲ.

ಈಗ ನಾನು ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ತರಕಾರಿ ತಂದಾಗ, ಬಸ್ ಹತ್ತಿದಾಗ ಉಳಿಯುವ ಹತ್ತು, ಇಪ್ಪತ್ತರ ನೋಟು ಅದಕ್ಕೆ ಬೀಳುತ್ತವೆ. ಬೇಸಿಗೆಯಲ್ಲಿ ಅಮ್ಮ ಒಂದು ಲೋಟ ಮಜ್ಜಿಗೆಯನ್ನೂ ತೆಗೆದಿಡುತ್ತಾರೆ. ಒಬ್ಬ ಹುಡುಗ ನೋಟು ತಗೊಂಡು, "ಆ್ಯಪ್‌ನಲ್ಲಿ ಹಾಕಿದ್ರೆ ವಾರದ ಲೆಕ್ಕದ ಜೊತೆ ಬರುತ್ತಕ್ಕಾ, ಇದು ಈಗ್ಲೇ ಪೆಟ್ರೋಲ್‌ಗೆ ಆಗುತ್ತೆ" ಅಂದ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಇಪ್ಪತ್ತು ರೂಪಾಯಿ ಅಂದರೆ ಇನ್ನೂ ಒಂದೆರಡು ಆರ್ಡರ್ ಓಡಾಡುವಷ್ಟು. ಆ ಮಾತು ಕೇಳಿದ ಮೇಲೆ ಗುಂಡಿಯ ಕಡೆ ನನ್ನ ಬೆರಳು ಹೋಗಿಲ್ಲ. ಎದುರಿಗೆ ನಿಂತು "ಥ್ಯಾಂಕ್ಸ್ ಕಣಪ್ಪ, ಹುಷಾರಾಗಿ ಹೋಗು" ಅನ್ನುವಾಗ ಅವನ ಮುಖ ಅರಳುವುದನ್ನು ಯಾವ ಆ್ಯಪ್ ತೋರಿಸುತ್ತದೆ ಹೇಳಿ?

ತಿಂಗಳ ಕೊನೆಯಲ್ಲಿ ನನ್ನ ಡಬ್ಬಿಯೂ ಖಾಲಿಯಾಗುತ್ತದೆ. ಆಗ ನಾನೇ ಗೇಟಿಗೆ ಇಳಿದು ಹೋಗುತ್ತೇನೆ. ಮೂರು ಮಹಡಿ ಹತ್ತಿಳಿಯುವ ಸಮಯ ಅವನಿಗೆ ಉಳಿಯುತ್ತದೆ, ಅದೂ ದುಡ್ಡೇ. ಐದು ಸ್ಟಾರ್ ಅಂತೂ ತಪ್ಪಿಸಲ್ಲ. ಹೋಟೆಲಿನವರು ಚಟ್ನಿ ಮರೆತರೆ ತಂದವನ ರೇಟಿಂಗ್ ಇಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು.

ಟಿಪ್ಸ್ ಕೊಟ್ಟರೆ ಎಲ್ಲ ಸರಿಹೋಯಿತು ಅಂತಲ್ಲ. ಅದು ಸಂಬಳವಲ್ಲ, ವಿಮೆಯಲ್ಲ. ಹೀಗೆ ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸ ಮಾಡುವ ಗಿಗ್ ಕೆಲಸಗಾರರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾಯ್ದೆ ತಂದಿದೆ. ಪ್ರತಿ ಕೆಲಸಕ್ಕೆ ಅವರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು ಅಂತ ಅದರಲ್ಲಿದೆ. ಬಾಗಿಲಿಗೆ ಬರುವ ಹುಡುಗರನ್ನು "ನಿನ್ನ ಹೆಸರು ನೋಂದಣಿ ಆಗಿದೆಯಾ?" ಅಂತ ಕೇಳುತ್ತಿರುತ್ತೇನೆ. ಇಲ್ಲ ಅಂದವರಿಗೆ ವಿಚಾರಿಸು ಅಂತ ಒತ್ತಾಯ ಮಾಡಿ ಹೇಳುತ್ತೇನೆ.

ಆ್ಯಪ್‌ಗೆ ನಾಲ್ಕು ಸ್ಟಾರ್. ಟಿಪ್ಸ್ ಗುಂಡಿಗೆ ಎರಡೇ. ಊಟ ಕೈಗೆ ಬಂದ ಮೇಲೆ, ತಂದವರ ಹೆಸರಿನ ಪಕ್ಕದಲ್ಲೇ ಅದು ಕಾಣಲಿ. ದುಡ್ಡು ಯಾರಿಗೆ, ಯಾವಾಗ ಸೇರಿತು ಅಂತ ಒಂದು ಸಾಲು ಬರಲಿ. ಅಷ್ಟು ಮಾಡಿದ ದಿನ ಉಳಿದ ಮೂರು ಸ್ಟಾರ್ ನಾನೇ ಬಂದು ಸೇರಿಸುತ್ತೇನೆ.