ಮೈಯರಿವಿಗೆ ಯಾವುದು: ಜೂಡೊವೋ, ಐಕಿಡೊವೋ, ಫೆಲ್ಡೆನ್‌ಕ್ರೈಸೋ?

ಯೋಗ ಹಿಡಿಸದವರು, ಜಿಮ್ ಬೇಜಾರಾದವರು ನನ್ನನ್ನು ಆಗಾಗ ಕೇಳುತ್ತಾರೆ: ಮೂರನ್ನೂ ಮಾಡಿ ನೋಡಿದ್ದೀರಲ್ಲ, ನಾವು ಯಾವುದಕ್ಕೆ ಸೇರೋಣ? ಕೆಲಸದ ಮೇಲೆ ಟೋಕಿಯೊದಲ್ಲಿದ್ದ ವರ್ಷಗಳಲ್ಲಿ ಜೂಡೊ ಎಂಬ ಜಪಾನಿ ಕುಸ್ತಿ ಕಲಿತೆ, ಆಮೇಲೆ ಐಕಿಡೊ ಎಂಬ ಇನ್ನೊಂದು ಜಪಾನಿ ಕಾದಾಟದ ಕಲೆ. ಫೆಲ್ಡೆನ್‌ಕ್ರೈಸ್ ಎಂಬ, ನೆಲದ ಮೇಲೆ ಮಲಗಿ ನಿಧಾನ ಚಲನೆಗಳಿಂದ ಮೈ ಗಮನಿಸಲು ಕಲಿಸುವ ಪದ್ಧತಿಯ ಕಡೆ ನನ್ನನ್ನು ತಳ್ಳಿದ್ದು ಕುತ್ತಿಗೆ ನೋವು. ಹೊಡೆದಾಟ, ಆತ್ಮರಕ್ಷಣೆ, ಬೆಲ್ಟಿನ ಬಣ್ಣ ಇವನ್ನೆಲ್ಲ ಇಲ್ಲಿ ಪಕ್ಕಕ್ಕಿಡುತ್ತೇನೆ. ನಾನು ನೋಡುವುದು ಒಂದನ್ನೇ: ನನ್ನ ಭಾರ ಎಲ್ಲಿದೆ, ಎಲ್ಲಿ ಸುಮ್ಮನೆ ಬಿಗಿ ಹಿಡಿದಿದ್ದೇನೆ ಅನ್ನುವುದನ್ನು ಯಾವುದು ಚೆನ್ನಾಗಿ ಕಲಿಸುತ್ತದೆ?

ನೆಲದ ಮೇಲೆ ಮಲಗಿ ಮಾಡುವ ಪಾಠಕ್ಕೂ ಎತ್ತಿ ಒಗೆಯುವ ಆಟಕ್ಕೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಗಟ್ಟಿಯಾಗಿಯೇ ಇದೆ, ನಡುವೆ ನಿಂತವರು ಕಾನೊ ಜಿಗೊರೊ. 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ 12 ತತಾಮಿ ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಎಂಬ ಶಾಲೆ ಶುರುಮಾಡಿ ಜೂಡೊಗೆ ರೂಪ ಕೊಟ್ಟವರು ಅವರು. 1930ರಲ್ಲಿ ಉಯೆಶಿಬಾ ಮೊರಿಹೇ ಅವರ ಪಟ್ಟುಗಳನ್ನು ನೋಡಿ ಮೆಚ್ಚಿ ತಮ್ಮ ಶಿಷ್ಯರನ್ನೇ ಅಲ್ಲಿಗೆ ಕಲಿಯಲು ಕಳಿಸಿದರು. ಉಯೆಶಿಬಾ ಕಲಿಸುತ್ತಿದ್ದ ಆ ಕಲೆಯೇ ಮುಂದೆ ಐಕಿಡೊ ಎನಿಸಿಕೊಂಡಿತು. 1933ರಲ್ಲಿ ಪ್ಯಾರಿಸ್‌ಗೆ ಹೋದಾಗ ಕಾನೊ ಅವರಿಗೆ ಸಿಕ್ಕ ಯುವ ಎಂಜಿನಿಯರ್ ಮೋಶೆ ಫೆಲ್ಡೆನ್‌ಕ್ರೈಸ್. ಈತ ಜೂಡೊಗೆ ಇಳಿದು ಕಪ್ಪು ಬೆಲ್ಟ್ ಪಡೆದ. ಫ್ರಾನ್ಸಿನಲ್ಲಿ ಜೂಡೊ ಬೇರೂರಿಸಿದವರಲ್ಲಿ ಒಬ್ಬನಾದ. ಹಿಂದೆ ಫುಟ್‌ಬಾಲ್ ಆಡುವಾಗ ಕೆಟ್ಟಿದ್ದ ಮೊಣಕಾಲು ಯುದ್ಧಕಾಲದಲ್ಲಿ ಮತ್ತೆ ಕಾಡಿದಾಗ, ಕಾಲಿಡುವ ರೀತಿಯನ್ನೇ ಚೂರು ಚೂರಾಗಿ ಗಮನಿಸುತ್ತಾ ಹೋದ. ಅವನ ಪದ್ಧತಿ ಹುಟ್ಟಿದ್ದು ಹಾಗೆ. ಅಂದರೆ ಈ ಮೂರರ ನಡುವಿನ ಪೈಪೋಟಿ ದಾಯಾದಿಗಳದು.

ಮೊದಲು ಜೂಡೊ. ಇಲ್ಲಿ ಎಲ್ಲಕ್ಕಿಂತ ಮುಂಚೆ ಕಲಿಸುವುದು ಬೀಳುವುದನ್ನು, ಉಕೆಮಿಯನ್ನು. ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಗದ್ದ ಎದೆಯ ಕಡೆಗೆ, ಕಣ್ಣು ಸೊಂಟದ ಪಟ್ಟಿಯ ಗಂಟಿನ ಮೇಲೆ. ಬೆನ್ನು ಚಾಪೆ ಮುಟ್ಟುವ ಹೊತ್ತಿಗೆ ಎರಡೂ ತೋಳು, ಅಂಗೈ ಕೆಳಗಾಗಿ, ಮೈಯಿಂದ ತುಸು ದೂರದಲ್ಲಿ ಚಟ್ ಎಂದು ಬಡಿಯಬೇಕು. ಮೊದಮೊದಲು ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಬಿಗಿಹಿಡಿದರೆ ಬೆನ್ನು ಹಲಗೆಯಾಗಿ ನೆಲಕ್ಕೆ ಬಡಿಯುತ್ತದೆ. ಉಸಿರು ಬಿಟ್ಟವರ ಬೆನ್ನು ದುಂಡಗಾಗಿ ಸರಾಗ ಉರುಳುತ್ತದೆ. ನಮ್ಮ ಸೆನ್ಸೈ, ಅಂದರೆ ಗುರು, ಬಾಯಿ ಬಿಟ್ಟು ತಿದ್ದಿದ್ದು ಕಡಿಮೆ, ಚಾಪೆಯೇ ತಿದ್ದುತ್ತಿತ್ತು. ಗದ್ದ ಮೇಲಿದ್ದರೆ ತಲೆ ಬುರುಡೆಗೆ ತಕ್ಷಣ ಗೊತ್ತಾಗುತ್ತದೆ, ವಾದಕ್ಕೆ ಜಾಗವಿಲ್ಲ.

ಆಮೇಲೆ ಬರುವುದು ಕುಜುಶಿ, ಎದುರಾಳಿಯ ಸಮತೋಲ ಕೆಡಿಸುವುದು. ಎಂಟು ದಿಕ್ಕಿಗೆ ಎಳೆದು ತಳ್ಳಿ ಅಭ್ಯಾಸ ಮಾಡಿಸುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ದೆ-ಆಶಿ-ಬರೈ ಎಂಬ ಕಾಲುಗುಡಿಸುವ ಪಟ್ಟು. ಎದುರಿನವರು ಮುಂದಿಟ್ಟ ಪಾದದ ಮೇಲೆ ಭಾರ ಇನ್ನೇನು ಕೂರಬೇಕು, ಪೂರ್ತಿ ಕೂತಿಲ್ಲ, ಆ ಗಳಿಗೆಯಲ್ಲಿ ಅಂಗಾಲಿನಿಂದ ಗುಡಿಸಬೇಕು. ಸ್ವಲ್ಪ ಮುಂಚೆ ಗುಡಿಸಿದರೆ ಅವರು ಕಾಲೆತ್ತಿ ದಾಟುತ್ತಾರೆ, ಸ್ವಲ್ಪ ತಡವಾದರೆ ಕಂಬಕ್ಕೆ ಒದ್ದ ಹಾಗೆ. ಪಾದ ನೋಡಿ ಇದನ್ನು ಮಾಡಲಾಗುವುದಿಲ್ಲ. ತೋಳಿನ ಬಟ್ಟೆ ಹಿಡಿದ ಬೆರಳುಗಳಿಂದಲೇ ಅವರ ಭಾರ ಸರಿಯುವುದು ಗೊತ್ತಾಗಬೇಕು, ಅದಕ್ಕೆ ಬೆರಳು ಸಡಿಲವಿರಬೇಕು. ಬೇರೆಯವರ ಮೈ ಓದಲು ನನ್ನ ಮೈಯ ಗದ್ದಲ ನಿಲ್ಲಬೇಕು ಅನ್ನುವುದು ನನಗೆ ತಲೆಗೆ ಹತ್ತಿದ್ದು ಅಲ್ಲೇ.

ಆದರೆ ರಾಂದೊರಿ, ಅಂದರೆ ಬಿಡಿ ಕುಸ್ತಿ, ಶುರುವಾದ ಕೂಡಲೇ ಇದೆಲ್ಲ ಗಾಳಿಗೆ. ಗೆಲ್ಲುವ ಹಟಕ್ಕೆ ಬಿದ್ದು ಹಿಡಿತ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ಅರಿವು ಎನ್ನುವ ಮಾತೇ ಮರೆತುಹೋಗುತ್ತದೆ. ಮೊಣಕಾಲು, ಹೆಗಲು, ಬೆರಳಿನ ಗೆಣ್ಣು ಪೆಟ್ಟು ತಿನ್ನುವುದು ಈ ಹೊತ್ತಿನಲ್ಲೇ. ಹತ್ತು ವರ್ಷ ಜೂಡೊ ಮಾಡಿಯೂ ಒರಟಾಗಿಯೇ ಉಳಿದವರನ್ನು ನೋಡಿದ್ದೇನೆ.

ಐಕಿಡೊದಲ್ಲಿ ಆ ಹಟ ಕಡಿಮೆ. ಉಯೆಶಿಬಾ ಮನೆತನದ ಐಕಿಕೈ ಶಾಖೆಯಲ್ಲಿ ಪಂದ್ಯವೇ ಇಲ್ಲ. ತಾಯ್ ನೊ ಹೆಂಕೊ ಎಂಬ ಮೊದಲ ಪಾಠದಲ್ಲಿ ಜೊತೆಗಾರ ಮಣಿಕಟ್ಟು ಹಿಡಿದಿರುತ್ತಾನೆ; ಎಳೆದಾಡದೆ ಅವನ ಪಕ್ಕಕ್ಕೆ ತಿರುಗಿ, ಅವನು ನೋಡುವ ಕಡೆಗೇ ನಾನೂ ನೋಡುತ್ತಾ ನಿಲ್ಲಬೇಕು. ಭುಜ ಎತ್ತಿದರೆ ತಿರುಗಲಾಗದು. ವಜ್ರಾಸನ ಗೊತ್ತಿರುವ ನಮ್ಮವರಿಗೆ ಸೇಜ಼ಾ ಕೂರುವುದೊಂದು ಸುಲಭ, ಮಂಡಿಯ ಮೇಲೆ ನಡೆಯುವ ಶಿಕ್ಕೊ ಮಾತ್ರ ಯಾರಿಗೂ ಸುಲಭವಲ್ಲ.

ಉಯೆಶಿಬಾ ಅವರ ಹಿರಿಯ ಶಿಷ್ಯ ತೊಹೇ ಕೊಯಿಚಿ 1971ರಲ್ಲಿ ಕಿ ಸೊಸೈಟಿ ಕಟ್ಟಿದರು. ‘ಬಾಗದ ತೋಳು’ ಅವರ ಪರಂಪರೆಯವರು ಪ್ರತಿ ಸಲ ತೋರಿಸುವ ಪರೀಕ್ಷೆ. ತೋಳು ಚಾಚಿ ಮುಷ್ಟಿ ಬಿಗಿದು ನಿಂತರೆ ಜೊತೆಗಾರ ಮೊಣಕೈ ಮಡಚಿಬಿಡುತ್ತಾನೆ. ಸಡಿಲವಾಗಿ, ಬೆರಳ ತುದಿಯಿಂದ ದೂರಕ್ಕೆ ಏನೋ ಹರಿಯುತ್ತಿದೆ ಎಂದುಕೊಂಡರೆ ಮಡಚಲು ಹೆಣಗುತ್ತಾನೆ. ನಾನೂ ಮಾಡಿ ನೋಡಿದೆ, ಆಗುತ್ತದೆ. ಇದಕ್ಕೆ ಕಿ ಎಂಬ ಶಕ್ತಿಯ ವಿವರಣೆ ನನಗೆ ಬೇಕೆನಿಸಲಿಲ್ಲ. ಮುಷ್ಟಿ ಬಿಗಿದಾಗ ತೋಳಿನ ಮುಂದಿನ, ಹಿಂದಿನ ಎರಡೂ ಸ್ನಾಯು ಒಟ್ಟಿಗೆ ಎಳೆಯುತ್ತವೆ. ಮುಂದಿನದು ಮಡಚುವವನಿಗೇ ನೆರವಾಗುತ್ತದೆ. ಸಡಿಲಿಸಿದಾಗ ಆ ಒಳಜಗಳ ನಿಲ್ಲುತ್ತದೆ. ಅಂದಹಾಗೆ, ಮನಸ್ಸು ಮೈ ಕೂಡಿಸುವ ಈ ವಿಚಾರವನ್ನು ತೊಹೇ ಕಲಿತಿದ್ದು ನಾಕಾಮುರಾ ಟೆಂಪು ಅವರ ಹತ್ತಿರ. ಟೆಂಪು ಹೇಳಿಕೊಂಡ ಪ್ರಕಾರ ಅವರಿಗೆ ಹಿಮಾಲಯದ ತಪ್ಪಲಲ್ಲಿ ಯೋಗ ಕಲಿಸಿದ ಗುರುವಿನ ಹೆಸರು ಕರಿಯಪ್ಪ! ಹೆಸರು ಕೇಳಿದರೆ ಕೊಡಗಿನವರ ಕಿವಿ ನಿಮಿರೀತು.

ಐಕಿಡೊದ ತೊಂದರೆ ಎಂದರೆ ಜೊತೆಗಾರನ ಒಳ್ಳೆಯತನ. ನಾನು ತಪ್ಪು ಮಾಡಿದರೂ ಆತ ಚೆಂದವಾಗಿ ಬೀಳುತ್ತಾನೆ. ಹಕಾಮಾ ಎಂಬ ಅಗಲ ಉಡುಪು ಬೀಸುತ್ತಾ ಆತ ಉರುಳಿದಾಗ ನನಗೆ ಖುಷಿ. ಆದರೆ ಅವನನ್ನು ಬೀಳಿಸಿದ್ದು ನನ್ನ ತಿರುಗುವಿಕೆಯೋ ಅವನ ಸೌಜನ್ಯವೋ? ಮೈಯರಿವಿನ ಲೆಕ್ಕದಲ್ಲಿ ಇದು ಸಣ್ಣ ಕೊರತೆಯಲ್ಲ. ನಯವಾಗಿ ತಡೆಯುವ ಹಿರಿಯರು ಸಿಕ್ಕರೆ ಮಾತ್ರ ಬೇರೆ ಮಾತು.

ಫೆಲ್ಡೆನ್‌ಕ್ರೈಸ್ ತರಗತಿಯನ್ನು ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಪಕ್ಕಕ್ಕೆ ಮಲಗಿ ಮಂಡಿ ಮಡಚಿ, ಮೇಲಿನ ಭುಜವನ್ನು ಒಂದಂಗುಲ ಮುಂದಕ್ಕೆ, ಮತ್ತೆ ಹಿಂದಕ್ಕೆ. ಪಕ್ಕೆಲುಬು ಜೊತೆಗೆ ಬಂತೇ? ಸೊಂಟ? ಅರ್ಧ ಗಂಟೆ ಒಂದೇ ಮಗ್ಗುಲಲ್ಲಿ ಮಾಡಿ ಅಂಗಾತ ಮಲಗಿದರೆ ಒಂದು ಭುಜ ನೆಲಕ್ಕೆ ಅಂಟಿದೆ, ಇನ್ನೊಂದು ಗಾಳಿಯಲ್ಲಿದೆ ಅನಿಸುತ್ತದೆ. ಇದರ ಹಿಂದಿರುವ ತರ್ಕ ಸರಳ: ಕೈಯಲ್ಲಿ ಐವತ್ತು ಕೆಜಿ ಮೂಟೆ ಇದ್ದರೆ ಅದರ ಮೇಲೆ ನೊಣ ಕೂತದ್ದು ಗೊತ್ತಾಗದು. ಪ್ರಯತ್ನ ಕಡಿಮೆಯಾದಷ್ಟೂ ಸಣ್ಣ ವ್ಯತ್ಯಾಸ ತಿಳಿಯುತ್ತದೆ. ಇಂದ್ರಿಯಗಳ ಗ್ರಹಿಕೆಯ ಬಗೆಗಿನ ವೆಬರ್-ಫೆಕ್ನರ್ ನಿಯಮವನ್ನು ಫೆಲ್ಡೆನ್‌ಕ್ರೈಸ್ ತನ್ನ ಕೆಲಸಕ್ಕೆ ಬಳಸಿಕೊಂಡ ಬಗೆ ಇದು. ಸಡಿಲ ಬೆರಳಿಂದ ತೋಳಿನ ಬಟ್ಟೆ ಹಿಡಿಯಿರಿ ಎಂದು ಜೂಡೊದಲ್ಲಿ ಹೇಳುವುದೂ ಇದನ್ನೇ. ಅವನ ಪಾಠಗಳಲ್ಲಿ ಜೂಡೊ ಉರುಳಾಟವೂ ಒಂದು, ತುಂಡು ತುಂಡಾಗಿ ಬಿಡಿಸಿ ನಿಧಾನಕ್ಕೆ ಕಲಿಸುವಂಥದ್ದು. ವರ್ಷಗಟ್ಟಲೆ ಡೋಜೊದಲ್ಲಿ (ಅಭ್ಯಾಸದ ಅಂಗಳದಲ್ಲಿ) ನನ್ನ ಎಡ ಮಗ್ಗುಲ ಉರುಳು ಯಾಕೆ ಹೆಗಲ ಮೂಳೆಗೆ ತಾಗುತ್ತದೆ ಎಂದು ತಿಳಿದಿರಲಿಲ್ಲ. ನೆಲದ ಮೇಲೆ ಗೊತ್ತಾಯಿತು: ಎಡಕ್ಕೆ ಉರುಳುವಾಗ ನಾನು ತಲೆ ತಿರುಗಿಸುತ್ತಲೇ ಇರಲಿಲ್ಲ.

ಇಲ್ಲಿನ ಕೊರತೆ, ಯಾರೂ ತಳ್ಳುವುದಿಲ್ಲ. ಕಣ್ಣು ಮುಚ್ಚಿ ಸಿಕ್ಕ ಹಗುರ ಬಸ್ಸು ಹತ್ತುವಾಗ ಉಳಿಯುತ್ತದೆಯೇ ಎಂದು ಪರೀಕ್ಷಿಸುವವರಿಲ್ಲ. ನಿದ್ದೆ ಬರುತ್ತದೆ. ಕಲಿಸುವವರು ಹತ್ತಿರದಲ್ಲಿ ಸಿಗುವುದೂ ಕಷ್ಟ. ಕಾಯಿಲೆ ವಾಸಿಮಾಡುತ್ತೇವೆ ಎನ್ನುವವರಿಂದ ದೂರ ಇರಿ.

ನನ್ನ ತೀರ್ಪು ಪಕ್ಷಪಾತದ್ದೇ: ಜೂಡೊ ಉಕೆಮಿ ಮತ್ತು ಫೆಲ್ಡೆನ್‌ಕ್ರೈಸ್ ಜೋಡಿಗೆ ನನ್ನ ವೋಟು. ಮೊದಲನೆಯದು ಸುಳ್ಳು ಹೇಳಲು ಬಿಡುವುದಿಲ್ಲ, ಎರಡನೆಯದು ನಿಜ ಕೇಳಿಸಿಕೊಳ್ಳುವಷ್ಟು ಸಮಯ ಕೊಡುತ್ತದೆ. ಐಕಿಡೊ ನನಗೆ ಮೂರನೆಯದು, ಆದರೂ ಐವತ್ತು ದಾಟಿ ಜೊತೆಗಾರರೊಂದಿಗೆ ಓಡಾಡುತ್ತಾ ಕಲಿಯಬೇಕೆನ್ನುವವರಿಗೆ ಅದನ್ನೇ ಹೇಳುತ್ತೇನೆ. ನೋವಿರುವವರು ಡಾಕ್ಟರಿಗೆ ತೋರಿಸಿ, ನೆಲದ ಪಾಠದಿಂದ ಶುರುಮಾಡಲಿ. ಆರೋಗ್ಯವಾಗಿರುವ ಹುಡುಗ ಹುಡುಗಿಯರು ನೇರ ಜೂಡೊಗೆ ಹೋಗಬಹುದು. ಸೇರುವ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿ: ಹೊಸಬರಿಗೆ ಬೀಳುವುದನ್ನು ಕಲಿಸದೆ ಮೊದಲ ದಿನವೇ ರಾಂದೊರಿಗೆ ಇಳಿಸುವ ಕ್ಲಬ್ ಆದರೆ, ಎದ್ದು ಬನ್ನಿ.